ವಿಂಡೋಸ್ 10 ಮುಗಿದಾಗ ನಮ್ಮ ಸೊಸೈಟಿಯ ಲೈಸೆನ್ಸ್ ಲೆಕ್ಕ

ನಮ್ಮ ಪತ್ತಿನ ಸಹಕಾರ ಸಂಘದಲ್ಲಿ ಶಾಖೆಗಳೂ ಸೇರಿ ನಲವತ್ತರ ಆಸುಪಾಸು ಕಂಪ್ಯೂಟರುಗಳಿವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲುತ್ತದೆ ಎಂದಾಗ ಸಪ್ಲೈಯರ್ ಎಲ್ಲದಕ್ಕೂ ವಾಲ್ಯೂಮ್ ಲೈಸೆನ್ಸ್ (ಸಂಸ್ಥೆಗಳಿಗೆ ಸಗಟಾಗಿ ಮಾರುವ ಲೈಸೆನ್ಸ್) ಸೇರಿಸಿ ಹೆಚ್ಚುಕಡಿಮೆ ಆರು ಲಕ್ಷದ ಕೊಟೇಶನ್ ಇಟ್ಟರು. ಕಾಲುಭಾಗ ಖರ್ಚಿನಲ್ಲಿ, ಪೂರ್ತಿ ಬಿಲ್ ಸಮೇತ ಮುಗಿಸುತ್ತೇನೆ ಅಂದೆ. ಆಡಳಿತ ಮಂಡಳಿಯಲ್ಲಿ ಒಬ್ಬರೂ ನಂಬಲಿಲ್ಲ. ಒಂದೂವರೆ ಲಕ್ಷದೊಳಗೆ ಮುಗಿಸಿದೆ.

ಮೊದಲು ಪ್ರತಿ ಯಂತ್ರದಲ್ಲೂ ಎಸ್‌ಎಲ್‌ಎಂಜಿಆರ್ (ಲೈಸೆನ್ಸ್ ವಿವರ ತೋರಿಸುವ ವಿಂಡೋಸ್ ಆಜ್ಞೆ) ಓಡಿಸಿ ಯಾವ ಲೈಸೆನ್ಸ್ ಅಂತ ಬರೆದುಕೊಂಡೆ. ಅರ್ಧಕ್ಕಿಂತ ಹೆಚ್ಚು ಓಇಎಂ ಪ್ರೊ, ಅಂದರೆ ಯಂತ್ರದ ಜೊತೆಗೇ ಬಂದ ವಿಂಡೋಸ್ ಪ್ರೊ ಆವೃತ್ತಿ. ಹಾರ್ಡ್‌ವೇರ್ ಒಪ್ಪಿದರೆ ವಿಂಡೋಸ್ 11ಕ್ಕೆ ಪೈಸೆ ಕೊಡಬೇಕಿಲ್ಲ. 11 ಕೇಳುವ ಭದ್ರತಾ ಚಿಪ್ ಟಿಪಿಎಂ ಇಲ್ಲ, ಹೊಸದು ಕೊಳ್ಳಿ ಎಂದು ಸಪ್ಲೈಯರ್ ಅಂದಿದ್ದ ಎಂಟನೇ ತಲೆಮಾರಿನ ಐ3ಗಳಲ್ಲಿ ಬಯೋಸ್‌ಗೆ ಹೋಗಿ ಪಿಟಿಟಿ (ಇಂಟೆಲ್ ಯಂತ್ರದೊಳಗೇ ಇರುವ ಟಿಪಿಎಂ) ಆನ್ ಮಾಡಿದೆ, ಡಿಸ್ಕಿನ ವಿಂಗಡಣೆಯನ್ನು ಹಳೆಯ ಎಂಬಿಆರ್‌ನಿಂದ ಹೊಸ ಜಿಪಿಟಿ ಪದ್ಧತಿಗೆ ತಂದೆ. ಅಷ್ಟೇ.

ತಲೆನೋವು ಕೊಟ್ಟದ್ದು ವಿಂಡೋಸ್ ಹೋಮ್ ಆವೃತ್ತಿಯ ಐದಾರು ಯಂತ್ರಗಳು. ವಾಲ್ಯೂಮ್ ಲೈಸೆನ್ಸ್ ಬರೀ ಅಪ್‌ಗ್ರೇಡ್; ಕೆಳಗೆ ಪ್ರೊ ಇರಲೇಬೇಕು, ಹೋಮ್ ಲೆಕ್ಕಕ್ಕಿಲ್ಲ. ಆ ಕೊಟೇಶನ್ ಒಪ್ಪಿದ್ದರೆ ದುಡ್ಡೂ ಹೋಗುತ್ತಿತ್ತು, ಲೈಸೆನ್ಸೂ ಸಿಂಧುವಾಗುತ್ತಿರಲಿಲ್ಲ. ಹಿಂದೊಬ್ಬರು ಎರಡು ಯಂತ್ರಕ್ಕೆ ಆರುನೂರು ರೂಪಾಯಿಯ ಕೀ ಹಾಕಿ ಹೋಗಿದ್ದರು. ಇನ್ಯಾವುದೋ ಸಂಸ್ಥೆಯ ವಾಲ್ಯೂಮ್ ಕೀ, ಬ್ಲಾಕ್ ಆಯಿತು. ಟ್ಯಾಲಿ ಮತ್ತು ಡಿಜಿಟಲ್ ಸಹಿಯ ಟೋಕನ್ ಬೇಕಾದ ಕಡೆಗೆ ಪ್ರೊ ಸಮೇತ ಮೂರು ಹೊಸ ಯಂತ್ರ ತಂದೆ. ಹಣ ಹೋದದ್ದು ಬಹುಪಾಲು ಇಲ್ಲೇ.

ಎಲ್ಲರನ್ನೂ ಒಂದೇ ಸರ್ವರ್‌ಗೆ ಕೂರಿಸುವ ಲೆಕ್ಕವನ್ನೂ ಹಾಕಿ ನೋಡಿದೆ. ಸರ್ವರ್ ಸಿಎಎಲ್ (ಸರ್ವರ್ ಬಳಸುವ ಹಕ್ಕಿನ ಲೈಸೆನ್ಸ್), ಅದರ ಮೇಲೆ ದೂರದಿಂದ ಅದರಲ್ಲಿ ಕೆಲಸ ಮಾಡಲು ಆರ್‌ಡಿಎಸ್ ಸಿಎಎಲ್, ತಲೆಗೊಂದೊಂದು ಬೇಕಾಗುತ್ತಿತ್ತು, ಕೈಬಿಟ್ಟೆ.

ಉಳಿದ ಹಳೆಯವಕ್ಕೆ ಇಎಸ್‌ಯು (ದುಡ್ಡು ಕೊಟ್ಟು ಮುಂದುವರಿಸುವ ಭದ್ರತಾ ಅಪ್‌ಡೇಟ್) ಅಂದರೆ ಮೊದಲ ವರ್ಷ ಯಂತ್ರಕ್ಕೆ 61 ಡಾಲರ್ ಇತ್ತು, ವರ್ಷವರ್ಷ ದುಪ್ಪಟ್ಟು. ಬೇಡವೆಂದು ಪುಕ್ಕಟೆ ಸಿಗುವ ಲಿನಕ್ಸ್ ವ್ಯವಸ್ಥೆ ಉಬುಂಟು 24.04 ಹಾಕಿದೆ. ನಮ್ಮ ಕೌಂಟರ್ ಕೆಲಸವೆಲ್ಲ ಬ್ರೌಸರ್‌ನಲ್ಲೇ. ಆದರೆ ಪಾಸ್‌ಬುಕ್ ಪ್ರಿಂಟರ್ ವಾರಗಟ್ಟಲೆ ಸತಾಯಿಸಿತು. ಬ್ಯಾಲೆನ್ಸ್ ಸರಿಯಾಗಿ ಪುಸ್ತಕದ ಮಡಿಕೆ ಮೇಲೆ ಬೀಳುತ್ತಿತ್ತು. ಡ್ರೈವರ್ ಕಿತ್ತು ನೇರ ಇಎಸ್‌ಸಿ/ಪಿ (ಪ್ರಿಂಟರಿನ ಆಜ್ಞಾಭಾಷೆ) ಕಳಿಸಿದ ಮೇಲೆ ದಾರಿಗೆ ಬಂತು. ಮಡಿಕೆ ಹಾರಿಸುವ ಸ್ಕ್ರಿಪ್ಟ್ ಮಾತ್ರ ನನ್ನ ಹತ್ತಿರವೇ ಇರಲಿ. ನುಡಿ ತಂತ್ರಾಂಶದ ಹಳೆಯ ನೋಟಿಸುಗಳನ್ನು ಯೂನಿಕೋಡ್‌ಗೆ ತಿರುಗಿಸಿದಾಗ ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿತ್ತು, ಕೈಯಲ್ಲೇ ತಿದ್ದಿದೆವು.

ಪ್ರತಿ ಯಂತ್ರದ ಬಿಲ್ ಪ್ರತಿ, ಸ್ಟಿಕ್ಕರ್ ಫೋಟೋ, ಸೀರಿಯಲ್ ನಂಬರ್ ಒಂದೇ ಫೈಲಿನಲ್ಲಿಟ್ಟಿದ್ದೇನೆ. ಓಇಎಂ ಲೈಸೆನ್ಸ್ ಬೇರೆ ಯಂತ್ರಕ್ಕೆ ಸಾಗಿಸುವಂತಿಲ್ಲ, ಹಾಗಾಗಿ ಗುಜರಿಗೆ ಹೋದ ಯಂತ್ರದ ಹಾಳೆಯನ್ನು ಆ ದಿನವೇ ಫೈಲಿನಿಂದ ತೆಗೆಯುತ್ತೇನೆ. ಈ ಸಲದ ಆಡಿಟ್‌ನಲ್ಲಿ ಲೈಸೆನ್ಸ್ ಬಗ್ಗೆ ಒಂದು ಆಕ್ಷೇಪಣೆಯೂ ಬರಲಿಲ್ಲ.