ಕಸದ ಬುಟ್ಟಿ ಬೋರಲು ಹಾಕಿ, ಪಾಠ ಶುರು ಮಾಡಿ

ಮರುಬಳಕೆಯ ಪಾಠ ಅಂದ ಕೂಡಲೇ ಬಹಳಷ್ಟು ತರಗತಿಗಳಲ್ಲಿ ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ, ಬಣ್ಣ ಬಳಿದು, ಪೆನ್ ಸ್ಟ್ಯಾಂಡ್ ಮಾಡಿಸುತ್ತಾರೆ. ಚೆನ್ನಾಗಿಯೇ ಇರುತ್ತದೆ. ಆದರೆ ಬಾಟಲಿ ಬಾಟಲಿಯಾಗಿಯೇ ಉಳಿಯಿತು, ಅಲ್ವಾ? ರೀಸೈಕಲ್ ಮಾಡುವುದೆಂದರೆ ಅದನ್ನು ಚೂರು ಮಾಡಿ, ಕರಗಿಸಿ, ಬೇರೆಯದೇ ವಸ್ತು ಮಾಡುವುದು. ನಾವು ಎರಡಕ್ಕೂ ಮರುಬಳಕೆ ಅಂತಲೇ ಹೇಳಿಬಿಡುತ್ತೇವೆ. ಮಕ್ಕಳಿಗೆ ಗೊಂದಲ ಆಗುವುದು ಅಲ್ಲೇ. ಇದನ್ನು ಬಿಡಿಸಲು ಒಂದು ವಾರ ಸಾಕು.

ಮೊದಲ ದಿನ

ಎರಡು ದಿನದ ಒಣ ಕಸ ಕೂಡಿಡಿ. ಬ್ಲೇಡು, ಗಾಜಿನ ಚೂರು ಇದ್ದರೆ ನೀವೇ ಮೊದಲು ತೆಗೆಯಿರಿ. ನೆಲಕ್ಕೆ ಹಳೇ ಪೇಪರ್ ಹಾಸಿ, ಮಕ್ಕಳ ಕೈಗೆ ಗ್ಲೌಸ್ ಹಾಕಿಸಿ, ಬುಟ್ಟಿ ಸುರಿಯಿರಿ. ಹೇಗೆ ಬೇರೆ ಮಾಡಬೇಕೆಂದು ಹೇಳಬೇಡಿ. ಕೆಲವರು ಬಣ್ಣ ನೋಡಿ ವಿಂಗಡಿಸುತ್ತಾರೆ, ಮಾಡಲಿ ಬಿಡಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ‘ಇದು ಯಾವುದರಿಂದ ಮಾಡಿದ್ದು?’ ರಾಶಿಗಳು ತಾವಾಗಿಯೇ ಬದಲಾಗುತ್ತವೆ.

ಕಾಗದ, ಪ್ಲಾಸ್ಟಿಕ್, ಲೋಹದ ಡಬ್ಬಗಳ ಜೊತೆಗೆ ‘ಗೊತ್ತಿಲ್ಲ’ ಅಂತ ಬರೆದ ಒಂದು ಡಬ್ಬ ಇಡಿ. ನನ್ನ ಪ್ರಕಾರ ನಿಜವಾದ ಪಾಠ ಇರುವುದು ಇದರಲ್ಲೇ. ಜ್ಯೂಸಿನ ರಟ್ಟಿನ ಪೊಟ್ಟಣ ಹರಿದು ತೋರಿಸಿ: ಹೊರಗೆ ಕಾಗದ, ಒಳಗೆ ಪ್ಲಾಸ್ಟಿಕ್, ಹಲವು ಪೊಟ್ಟಣಗಳಲ್ಲಿ ತೆಳ್ಳನೆಯ ಅಲ್ಯೂಮಿನಿಯಂ ಹಾಳೆಯೂ ಇರುತ್ತದೆ. ಚಿಪ್ಸ್ ಪ್ಯಾಕೆಟ್ ಲೋಹದ ಹಾಗೆ ಮಿಂಚಿದರೂ ಹೆಚ್ಚಿನ ಭಾಗ ಪ್ಲಾಸ್ಟಿಕ್ಕೇ. ಇಂಥವನ್ನು ಪದರ ಪದರವಾಗಿ ಬಿಡಿಸುವುದು ಕಷ್ಟ. ಎಣ್ಣೆ ಹತ್ತಿದ ಕಾಗದ ಕಾಗದವೇ ಆದರೂ ಹೊಸ ಹಾಳೆಗೆ ಆಗುವುದಿಲ್ಲ.

ಬಾಟಲಿಯ ತಳ ನೋಡಿಸಿ

ಅಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗಿನ ಒಂದು ಅಂಕಿ ಇರುತ್ತದೆ. 1 ಅಂದರೆ ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್, 2 ಶಾಂಪೂ ಡಬ್ಬಗಳಂಥ ಗಟ್ಟಿ ಪ್ಲಾಸ್ಟಿಕ್. ಅದು ಪ್ಲಾಸ್ಟಿಕ್ಕಿನ ಜಾತಿ ಹೇಳುತ್ತದೆ ಅಷ್ಟೇ, ರೀಸೈಕಲ್ ಆಗೇ ಆಗುತ್ತದೆ ಅಂತಲ್ಲ. ದೊಡ್ಡವರೂ ಎಡವುವ ಜಾಗ ಇದು. ಬೆನ್ನಟ್ಟಿಕೊಂಡು ಸುತ್ತುವ ಮೂರು ಬಾಣಗಳ ರೀಸೈಕಲ್ ಗುರುತು ಮಾತ್ರ ಈ ಅಂಕಿಗಳಿಗಿಂತ ಹಳೆಯದು. 1970ರಲ್ಲಿ ಒಂದು ಸ್ಪರ್ಧೆಗಾಗಿ ಅದನ್ನು ಬರೆದದ್ದು ಅಮೆರಿಕದ ಗ್ಯಾರಿ ಆಂಡರ್ಸನ್ ಎಂಬ ವಿದ್ಯಾರ್ಥಿ. ವಿದ್ಯಾರ್ಥಿ ಅಂದ ಕೂಡಲೇ ಮಕ್ಕಳ ಕಿವಿ ನೆಟ್ಟಗಾಗುತ್ತದೆ!

ಕಾಗದ ಮಾಡಿ

ರದ್ದಿ ಹಾಳೆಯ ಪಿನ್ನು ತೆಗೆದು, ಸಣ್ಣಗೆ ಹರಿದು, ರಾತ್ರಿಯಿಡೀ ನೀರಲ್ಲಿ ನೆನೆಹಾಕಿ. ಮರುದಿನ ಮಿಕ್ಸಿಯಲ್ಲಿ ನೀವು ರುಬ್ಬಿ, ಇಲ್ಲವೇ ಮಕ್ಕಳೇ ಕೈಯಲ್ಲಿ ಕಿವುಚಲಿ. ಅಗಲ ಟಬ್ಬಿನ ನೀರಿಗೆ ಈ ಮುದ್ದೆ ಕದಡಿ. ಗಂಜಿಯಷ್ಟು ದಪ್ಪ ಬೇಡ, ತೆಳ್ಳಗಿರಲಿ. ಹಳೇ ಫೋಟೋ ಚೌಕಟ್ಟಿಗೆ ಸೊಳ್ಳೆ ಜಾಲರಿ ಬಿಗಿದು, ಓರೆಯಾಗಿ ಮುಳುಗಿಸಿ, ಮಟ್ಟಸವಾಗಿ ಮೇಲೆತ್ತಿ. ಎತ್ತುವಾಗ ಅವಸರ ಮಾಡಿದರೆ ಹಾಳೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ನೀರು ಸೋರಿದ ಮೇಲೆ ಹತ್ತಿ ಬಟ್ಟೆಯ ಮೇಲೆ ಬೋರಲು ಹಾಕಿ, ಜಾಲರಿಯ ಮೇಲಿಂದ ಸ್ಪಂಜ್ ಒತ್ತಿ ನೀರು ಹೀರಿಸಿ, ಜಾಲರಿ ಮೆಲ್ಲಗೆ ಬಿಡಿಸಿ. ಒಣಗಲು ಒಂದೆರಡು ದಿನ ಬೇಕು. ದಿನಪತ್ರಿಕೆಯಾದರೆ ಶಾಯಿಯಿಂದಾಗಿ ಹಾಳೆ ಬೂದು ಬಣ್ಣಕ್ಕೆ ಬರುತ್ತದೆ.

ಒಣಗಿದ ಹಾಳೆಯ ಅಂಚು ಹರಿದು ಭೂತಗನ್ನಡಿ ಹಿಡಿಸಿ, ನಾರು ಕಾಣುತ್ತದೆ. ಪ್ರತಿ ಸಲವೂ ಈ ನಾರು ಮೋಟಾಗುತ್ತಾ ಹೋಗುವುದರಿಂದ ಕಾಗದವನ್ನು ಸುಮಾರು 5ರಿಂದ 7 ಸಲವಷ್ಟೇ ಹೀಗೆ ಮಾಡಬಹುದು. ಗಾಜು, ಅಲ್ಯೂಮಿನಿಯಂಗಳಿಗೆ ಆ ಮಿತಿ ಇಲ್ಲ. ಅದಿರಿನಿಂದ ಅಲ್ಯೂಮಿನಿಯಂ ತೆಗೆಯುವುದಕ್ಕಿಂತ ಹಳೇ ಡಬ್ಬ ಕರಗಿಸಿದರೆ ಸುಮಾರು 95% ಶಕ್ತಿ ಉಳಿಯುತ್ತದೆ.

ವಾರದ ಕೊನೆಗೆ

ಡಬ್ಬಗಳನ್ನು ತರಗತಿಯಲ್ಲೇ ಬಿಡಿ. ಒಂದೇ ಬದಿ ಬರೆದ ಹಾಳೆಗೆ ಬೇರೆ ಟ್ರೇ ಇರಲಿ. ‘ಗೊತ್ತಿಲ್ಲ’ ಡಬ್ಬದಲ್ಲಿ ಉಳಿದದ್ದರ ಪಟ್ಟಿ ಮಾಡಿಸಿ, ಶಾಲೆಯ ಕಸ ಒಯ್ಯುವವರನ್ನು ಒಂದು ದಿನ ತರಗತಿಗೆ ಕರೆಯಿರಿ. ಯಾವುದನ್ನು ಒಯ್ಯುತ್ತಾರೆ, ಯಾವುದನ್ನು ಬಿಡುತ್ತಾರೆ, ಯಾಕೆ ಅಂತ ಮಕ್ಕಳೇ ಕೇಳಲಿ. ಆಮೇಲೆ ಆ ಡಬ್ಬವನ್ನು ಅವರ ಎದುರಿಗೇ ಖಾಲಿ ಮಾಡಿಸಿ.