ರಾತ್ರಿಯ ಹವೆ ನೋಡಿ ಊರು ಆರಿಸುವುದು: ವ್ಯಾನಿನಲ್ಲಿ ಮಲಗಿ ಕಲಿತದ್ದು

ವ್ಯಾನಿನಲ್ಲಿ ಸುತ್ತಲು ಶುರು ಮಾಡಿದ ಮೊದಲ ವರ್ಷ ನಾವು ಊರು ಆರಿಸುತ್ತಿದ್ದದ್ದು ಒಂದೇ ಅಂಕಿ ನೋಡಿ, ಹಗಲಿನ ಗರಿಷ್ಠ ತಾಪಮಾನ. 35 ದಾಟಿದರೆ ಬೇಡ, ಅದರೊಳಗೆ ಇದ್ದರೆ ಹೊರಡೋಣ ಅಂತ. ಏಪ್ರಿಲ್‌ನಲ್ಲಿ ಮರವಂತೆಗೆ 33 ತೋರಿಸಿತು. ಹೊರಟೆವು.

ಹಗಲು ಚೆನ್ನಾಗಿಯೇ ಇತ್ತು. ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ಮಧ್ಯಾಹ್ನದಿಂದ ಸಂಜೆಯವರೆಗೆ ಒಂದೇ ಸಮ ಕಡಲ ಗಾಳಿ. ರಾತ್ರಿ ಒಂಬತ್ತೂವರೆಗೆ ಗಾಳಿ ನಿಂತಿತು. ಹನ್ನೊಂದಕ್ಕೆ ವ್ಯಾನಿನೊಳಗೆ 31 ಡಿಗ್ರಿ, ತೇವಾಂಶ ಶೇ 82. ಫ್ಯಾನ್ ತಿರುಗುತ್ತಲೇ ಇದೆ, ಬೆವರು ಆರುತ್ತಿಲ್ಲ, ದಿಂಬು ಕುತ್ತಿಗೆಗೆ ಅಂಟುತ್ತಿದೆ. ಎರಡು ಗಂಟೆಗೆ ಹೆಂಡತಿ ಎದ್ದು ಬಾಗಿಲ ಮೆಟ್ಟಿಲ ಮೇಲೆ ಕೂತಳು, ಬೆಳಗಾಗುವವರೆಗೂ ಅಲ್ಲೇ. ಸಂಜೆ ಏಳಕ್ಕೆ ಒಗೆದು ಹಿಂಡಿ ಹರವಿದ್ದ ಟವೆಲ್ ಬೆಳಿಗ್ಗೆ ಏಳಕ್ಕೆ ಮುಟ್ಟಿದರೆ ಇನ್ನೂ ಹಸಿ.

ಅದಕ್ಕೆ ಒಂದು ತಿಂಗಳ ಮುಂಚೆ ನಾವು ವಿಜಯಪುರದಲ್ಲಿದ್ದೆವು, ಅನಿವಾರ್ಯವಾಗಿ, ಸಂಬಂಧಿಕರ ಮದುವೆಗೆ. ಹಗಲು 37. ಮಧ್ಯಾಹ್ನವೆಲ್ಲ ಗೋಳಗುಮ್ಮಟದ ದಪ್ಪ ಗೋಡೆಗಳ ಒಳಗೆ ತಣ್ಣಗೆ ಕೂತಿದ್ದು, ಸಂಜೆ ಬಂದು ವ್ಯಾನಿನ ಬಾಗಿಲೆಲ್ಲ ತೆರೆದಿಟ್ಟೆವು. ಹತ್ತು ಗಂಟೆಗೆ ಒಳಗೂ ತಂಪು, ಬೆಳಗಿನ ಜಾವ ಹೊದಿಕೆ ಬೇಕಾಯಿತು. ಅದೇ ಟವೆಲ್ ಒಂದೂವರೆ ಗಂಟೆಯಲ್ಲಿ ಗರಿಗರಿ ಒಣಗಿತ್ತು!

ನಮ್ಮ ಭಾಷೆಯಲ್ಲೇ ಇದಕ್ಕೆ ಎರಡು ಮಾತಿದೆ ಅಲ್ವಾ, ಝಳ ಬೇರೆ, ಸೆಕೆ ಬೇರೆ. ಝಳದಿಂದ ತಪ್ಪಿಸಿಕೊಳ್ಳಬಹುದು: ಮರದ ನೆರಳು, ಕಲ್ಲಿನ ಮಂಟಪ, ಲೈಬ್ರರಿ, ಏನಾದರೂ ಸಿಗುತ್ತದೆ. ರಾತ್ರಿಯ ಸೆಕೆಯಿಂದ ತಪ್ಪಿಸಿಕೊಳ್ಳಲು ತಗಡಿನ ಡಬ್ಬಿಯಲ್ಲಿ ಮಲಗುವವರಿಗೆ ದಾರಿಯೇ ಇಲ್ಲ. ಎರಡು ರಾತ್ರಿ ನಿದ್ದೆ ಕೆಟ್ಟರೆ ಮೂರನೇ ದಿನ ಸ್ಟೀರಿಂಗ್ ಹಿಡಿಯುವುದೇ ಅಪಾಯ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಹಾಗಾಗಿ ಈಗ ಮೊದಲು ನೋಡುವುದು ರಾತ್ರಿಯ ಕನಿಷ್ಠ ತಾಪಮಾನ, ಆಮೇಲೆ ಇಬ್ಬನಿ ಬಿಂದು. ಗಾಳಿ ಎಷ್ಟು ತಣ್ಣಗಾದರೆ ಅದರಲ್ಲಿರುವ ತೇವ ಹನಿಗಟ್ಟಲು ಶುರುವಾಗುತ್ತದೋ ಆ ತಾಪಮಾನ ಅದು. ಹೆಚ್ಚಿನ ಹವಾಮಾನ ಆ್ಯಪ್‌ಗಳಲ್ಲಿ ಒಳಗೆಲ್ಲೋ ಇರುತ್ತದೆ. ಸಿಗದಿದ್ದರೆ ಕೈಲೆಕ್ಕ ಇದೆ: ತೇವಾಂಶ ನೂರಕ್ಕಿಂತ ಎಷ್ಟು ಕಡಿಮೆ ಇದೆಯೋ ಅದನ್ನು ಐದರಿಂದ ಭಾಗಿಸಿ, ಬಂದದ್ದನ್ನು ತಾಪಮಾನದಲ್ಲಿ ಕಳೆಯಿರಿ. 28 ಡಿಗ್ರಿ, ಶೇ 80 ತೇವಾಂಶ ಅಂದರೆ 28ರಲ್ಲಿ 4 ಹೋಗಿ 24. ತೇವಾಂಶ ಶೇ 50ಕ್ಕಿಂತ ಮೇಲಿದ್ದರೆ ಈ ಲೆಕ್ಕ ಸಾಕಷ್ಟು ಸರಿ ಬರುತ್ತದೆ. ನಮ್ಮಿಬ್ಬರ ಮೈಗೆ 18ರವರೆಗೆ ಸುಖ, 21ರವರೆಗೆ ಫ್ಯಾನ್ ಇದ್ದರೆ ನಡೆಯುತ್ತದೆ, 24 ಅಂದರೆ ಆ ಊರಿನಲ್ಲಿ ರಾತ್ರಿ ಉಳಿಯುವುದಿಲ್ಲ. ಕಡಲ ತೀರದಲ್ಲೇ ಹುಟ್ಟಿ ಬೆಳೆದವರಿಗೆ ಈ ಅಂಕಿಗಳು ಇನ್ನೂ ಮೇಲಿರಬಹುದು, ನಿಮ್ಮದನ್ನು ನೀವೇ ಬರೆದಿಟ್ಟುಕೊಂಡು ಕಂಡುಕೊಳ್ಳಬೇಕು.

ಇಷ್ಟೂ ಬೇಡ ಅನ್ನುವವರು ಪೇಪರಿನಲ್ಲಿ ಬರುವ ಗರಿಷ್ಠ, ಕನಿಷ್ಠ ಎರಡರ ನಡುವಿನ ಅಂತರ ನೋಡಿ. ಏಪ್ರಿಲ್‌ನ ಮಂಗಳೂರಿನಲ್ಲಿ ಏಳೆಂಟು ಡಿಗ್ರಿ ಅಷ್ಟೇ. ಮಾರ್ಚ್‌ನ ವಿಜಯಪುರದಲ್ಲಿ ಹದಿನೈದರ ಆಸುಪಾಸು. ಅಂತರ ಜಾಸ್ತಿ ಇದ್ದಷ್ಟೂ ಗಾಳಿ ಒಣಗಿದೆ, ರಾತ್ರಿ ತಣ್ಣಗಾಗುತ್ತದೆ ಅಂತ ಅರ್ಥ.

ಎತ್ತರವನ್ನಂತೂ ಮರೆಯಲೇಬಾರದು. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಆ್ಯಪ್ ತೋರಿಸುವುದು ಎಷ್ಟೋ ಸಲ ಜಿಲ್ಲಾ ಕೇಂದ್ರದ ಅಂಕಿ. ಚಿಕ್ಕಮಗಳೂರು ಪೇಟೆ ಸಾವಿರ ಚಿಲ್ಲರೆ ಮೀಟರ್ ಎತ್ತರದಲ್ಲಿದ್ದರೆ ಮುಳ್ಳಯ್ಯನಗಿರಿ 1930 ಮೀಟರ್, ಅಲ್ಲಿಗೇ ಐದು ಡಿಗ್ರಿ ವ್ಯತ್ಯಾಸ. ಮರವಂತೆಯಲ್ಲಿ ನಮ್ಮನ್ನು ಉಳಿಸಿದ್ದೂ ಇದೇ. ಮರುದಿನ ಬೆಳಕಿರುವಾಗಲೇ ಕೊಲ್ಲೂರು ಘಾಟಿ ಹತ್ತಿ, ಘಟ್ಟದ ಮೇಲಿನ ನಗರ ಅನ್ನುವ ಊರಿನ ಕಡೆ ಹೋದೆವು, ಪರಿಚಯದವರ ಅಡಿಕೆ ಅಂಗಳದಲ್ಲಿ ವ್ಯಾನ್ ನಿಲ್ಲಿಸಿ ತೆಳ್ಳನೆ ದುಪ್ಪಟಿ ಹೊದ್ದು ಏಳೂವರೆವರೆಗೆ ಮಲಗಿದೆವು.

ಚಳಿಗಾಲದ ತೊಂದರೆ ಬೇರೆ ಥರ. ಡಿಸೆಂಬರ್‌ನಲ್ಲಿ ಕೆಮ್ಮಣ್ಣುಗುಂಡಿಯ ಹತ್ತಿರ, ಚಳಿ ಅಂತ ಕಿಟಕಿಯೆಲ್ಲ ಬಿಗಿಯಾಗಿ ಹಾಕಿ ಮಲಗಿದ್ದೆವು. ಇಬ್ಬರು ಮಲಗಿದರೆ ಉಸಿರು, ಬೆವರು ಸೇರಿ ಒಂದು ರಾತ್ರಿಗೆ ಅರ್ಧ ಲೀಟರಿನಷ್ಟು ನೀರು ಗಾಳಿಗೆ ಸೇರುತ್ತದೆ. ನಾಲ್ಕು ಗಂಟೆಗೆ ಹಣೆಗೆ ತಣ್ಣನೆ ಹನಿ ಬಿತ್ತು. ಟಾರ್ಚ್ ಹಾಕಿ ನೋಡಿದರೆ ಚಾವಣಿಯ ತಗಡಿನ ತುಂಬ ಹನಿ, ಹಾಸಿಗೆ ಎತ್ತಿದರೆ ಕೆಳಗಿನ ಪ್ಲೈವುಡ್ ಒದ್ದೆ. ಆ ಹಲಗೆಗೆ ಆಮೇಲೆ ಬೂಷ್ಟು ಬಂದು ಬದಲಾಯಿಸಬೇಕಾಯಿತು. ಈಗ ಎಷ್ಟೇ ಚಳಿಯಿರಲಿ, ಎದುರುಬದುರು ಎರಡು ಕಿಟಕಿ ಎರಡು ಬೆರಳಷ್ಟು ತೆರೆದೇ ಇರುತ್ತವೆ, ಅದಕ್ಕೆ ತಕ್ಕಂತೆ ಕಂಬಳಿ ಒಂದು ಜಾಸ್ತಿ.

ಮಳೆಗಾಲದಲ್ಲಿ ವ್ಯಾನ್ ಮನೆಯಲ್ಲೇ ಇರಲಿ ಅನ್ನುವವರು ಜಾಸ್ತಿ. ಆರಿದ್ರಾ, ಪುಷ್ಯ ಮಳೆಯ ಹೊತ್ತಿಗೆ ಮಲೆನಾಡಿಗೆ, ಕರಾವಳಿಗೆ ನಾವೂ ಹೋಗುವುದಿಲ್ಲ. ಬಟ್ಟೆ ಒಣಗದ ಕಡೆ ವ್ಯಾನೂ ಒಣಗುವುದಿಲ್ಲ. ಆದರೆ ಅದೇ ಜುಲೈನಲ್ಲಿ ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆ ನೋಡಿ. ಘಟ್ಟದ ಆ ಕಡೆಯೇ ಮೋಡ ಬಹುಪಾಲು ಸುರಿದು, ಈ ಕಡೆಗೆ ಬರುವುದು ಮೋಡದ ನೆರಳು ಮತ್ತು ಗಾಳಿ. ಗಾಳಿಯಂತ್ರಗಳನ್ನು ಅಲ್ಲಿನ ಗುಡ್ಡಗಳ ಮೇಲೆ ಸುಮ್ನೆ ಸಾಲಾಗಿ ನಿಲ್ಲಿಸಿಲ್ಲ. ಹಗಲು ಮೂವತ್ತರೊಳಗೆ, ರಾತ್ರಿ 21ರ ಹತ್ತಿರ. ಇಬ್ಬನಿ ಬಿಂದು 20ರ ಆಸುಪಾಸು ಇದ್ದರೂ ಗಾಳಿ ನಿಲ್ಲದ ಕಾರಣ ಮೈ ಅಂಟುವುದಿಲ್ಲ. ನನ್ನ ಪ್ರಕಾರ ರಾಜ್ಯದಲ್ಲಿ ವ್ಯಾನಿಗೆ ಅತಿ ಒಳ್ಳೆಯ ಹವೆ ಇದು, ಜನವರಿಯ ಹಂಪಿಗಿಂತಲೂ.

ಒಂದೇ ಎಚ್ಚರಿಕೆ, ಅಲ್ಲಿ ವ್ಯಾನಿನ ಮೂತಿ ಪಡುವಣಕ್ಕೆ ಇರಲಿ. ಗಾಳಿ ಬರುವುದೇ ಆ ಕಡೆಯಿಂದ. ಅಡ್ಡ ನಿಲ್ಲಿಸಿದರೆ ರಾತ್ರಿಯಿಡೀ ಗಾಡಿ ತೊಟ್ಟಿಲ ಹಾಗೆ ತೂಗುತ್ತದೆ. ಮೂತಿ ಪಡುವಣಕ್ಕಿದ್ದರೆ ಸಂಜೆ ಬಿಸಿಲು ಬಂದರೂ ಉದ್ದನೆಯ ಪಕ್ಕ ಕಾಯುವುದಿಲ್ಲ, ಗಾಜಿಗೊಂದು ಪರದೆ ಹಾಕಿದರೆ ಸಾಕು. ಹೋದ ಸಲ ವಾಣಿವಿಲಾಸ ಸಾಗರದ ಹತ್ತಿರ ಹಾಗೆಯೇ ನಿಲ್ಲಿಸಿ ಮೂರು ರಾತ್ರಿ ಉಳಿದೆವು. ಫ್ಯಾನ್ ಹಾಕಲೇ ಇಲ್ಲ. ಟವೆಲ್‌ಗೆ ಮಾತ್ರ ಎರಡು ಕ್ಲಿಪ್ ಬೇಕಾಯಿತು, ಒಂದಕ್ಕೆ ನಿಲ್ಲಲಿಲ್ಲ.