ಹಳ್ಳಿಗಳನ್ನು ಬ್ಯಾಂಕಿಗೆ ಹಂಚಿದ ಕಥೆ

ಬಿಡಿಒ, ಅಂದರೆ ಬ್ಲಾಕ್ ಅಭಿವೃದ್ಧಿ ಅಧಿಕಾರಿಯ ಕಚೇರಿಯಲ್ಲಿ ಎರಡು ಮೇಜು ಜೋಡಿಸಿ ತಾಲೂಕಿನ ನಕಾಶೆ ಹಾಸಿದ್ದರು. ಫ್ಯಾನ್ ಗಾಳಿಗೆ ಹಾರಬಾರದೆಂದು ನಾಲ್ಕು ಮೂಲೆಗೂ ಒಂದೊಂದು ಕಾಫಿ ಲೋಟ. ಸುತ್ತ 11 ಬ್ರಾಂಚಿನ ಮ್ಯಾನೇಜರುಗಳು. 1988ರ ಬೇಸಿಗೆ ಅದು. ನಾನು ಅರೆಮಲೆನಾಡಿನ ಒಂದು ಬ್ರಾಂಚಿನಲ್ಲಿ ಫೀಲ್ಡ್ ಆಫೀಸರ್ ಆಗಿದ್ದೆ. ನಮ್ಮ ಮ್ಯಾನೇಜರಿಗೆ ಹುಷಾರಿರಲಿಲ್ಲ, ನನ್ನನ್ನೇ ಕಳಿಸಿದ್ದರು. ಅವರು ಉಡುಪಿ ಕಡೆಯವರು. "ಹದಿನೈದಕ್ಕಿಂತ ಜಾಸ್ತಿ ಹಳ್ಳಿ ಒಪ್ಪಿಕೊಂಡು ಬರಬೇಡಿ ಮಾರಾಯ್ರೇ" ಎಂದು ಹೇಳಿದ್ದರು.

ವಿಷಯ ಇಷ್ಟು. 1989ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕ್ ಸರ್ವಿಸ್ ಏರಿಯಾ ಪದ್ಧತಿ ತರುವುದಿತ್ತು. ಪ್ರತಿ ಹಳ್ಳಿಯೂ ಯಾವುದಾದರೂ ಒಂದು ಬ್ರಾಂಚಿನ ಪಾಲಿಗೆ ಸೇರಬೇಕು, ಒಂದೊಂದು ಬ್ರಾಂಚಿಗೆ 15ರಿಂದ 25 ಹಳ್ಳಿ. ಅಲ್ಲಿನ ಬೆಳೆಸಾಲ, ಬಾವಿ ಸಾಲ, ಐಆರ್‌ಡಿಪಿ ಎಂಬ ಸರ್ಕಾರಿ ಬಡತನ ನಿವಾರಣೆ ಯೋಜನೆಯ ಎಮ್ಮೆ ಸಾಲ ಎಲ್ಲ ಆ ಬ್ರಾಂಚಿನದೇ ತಲೆನೋವು. ಜಿಲ್ಲೆಗೊಂದು ಲೀಡ್ ಬ್ಯಾಂಕ್ ಎನ್ನುವ ಏರ್ಪಾಡು 1969ರ ಡಿಸೆಂಬರ್‌ನಲ್ಲೇ ಬಂದಿತ್ತು, 14 ಬ್ಯಾಂಕುಗಳ ರಾಷ್ಟ್ರೀಕರಣವಾದ ಐದು ತಿಂಗಳಿಗೆ. ಆದರೆ ಲೀಡ್ ಬ್ಯಾಂಕ್ ಎಂದರೆ ಜಿಲ್ಲೆಗೆ ಹಿರಿಯಣ್ಣ ಇದ್ದಂತೆ. ಸಭೆ ಕರೆಯುತ್ತದೆ, ಜಿಲ್ಲೆಯ ಸಾಲ ಯೋಜನೆ ಮಾಡುತ್ತದೆ. ಯಾವ ಹಳ್ಳಿ ಯಾರದು ಎಂದು ಅದು ಹೇಳುತ್ತಿರಲಿಲ್ಲ. ಹಾಗಾಗಿ ಟಾರು ರಸ್ತೆ ಪಕ್ಕದ ಊರಿಗೆ ಮೂರು ಬ್ಯಾಂಕಿನವರು ಹೋಗುತ್ತಿದ್ದೆವು, ಒಳಗಿನ ಊರಿಗೆ ಒಬ್ಬರೂ ಇಲ್ಲ. ಒಬ್ಬ ಪುಣ್ಯಾತ್ಮ ಒಂದೇ ಜೋಡಿ ಎತ್ತು ತೋರಿಸಿ ಎರಡು ಬ್ಯಾಂಕಿನಲ್ಲಿ ಸಾಲ ತೆಗೆದಿದ್ದ. ಎರಡನೇ ಸಲ ಕೊಂಬಿಗೆ ಬಣ್ಣ ಬಳಿದಿದ್ದ, ಅಷ್ಟೇ ವ್ಯತ್ಯಾಸ.

ಲೀಡ್ ಬ್ಯಾಂಕಿನ ಅಧಿಕಾರಿ 1981ರ ಜನಗಣತಿಯ ಹಳ್ಳಿ ಪಟ್ಟಿ, ಸ್ಕೇಲು, ಬಣ್ಣದ ಪೆನ್ಸಿಲ್ ಹಿಡಿದು ಬಂದಿದ್ದರು. ಬ್ರಾಂಚಿಗೊಂದು ಬಣ್ಣ. ಹಳ್ಳಿಗಳು ಒಂದಕ್ಕೊಂದು ತಾಗಿರಬೇಕು, ಬ್ರಾಂಚಿಗೆ ಹತ್ತಿರ ಇರಬೇಕು, ಹೋಗಿ ಬರಲು ದಾರಿ ಇರಬೇಕು. ಅರ್ಧ ಗಂಟೆ ಚೆನ್ನಾಗಿಯೇ ನಡೆಯಿತು. ಆಮೇಲೆ ಶುರುವಾಯಿತು ಜಗಳ. ನಾಲೆ ನೀರಿನ ಊರು ಎಲ್ಲರಿಗೂ ಬೇಕು, ಸುಸ್ತಿ ಸಾಲ ಇರುವ ಊರು ಯಾರಿಗೂ ಬೇಡ. "ಅಲ್ಲಿ ವಸೂಲಿ ಆಗಲ್ಲ" ಎಂದು ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. "ರಸ್ತೆ ಸರಿ ಇಲ್ಲ ಸಾರ್" ಎನ್ನುತ್ತಿದ್ದರು. ಆ ಮಧ್ಯಾಹ್ನ ತಾಲೂಕಿನ ಎಷ್ಟು ರಸ್ತೆ ಹಾಳಾದವೋ ದೇವರೇ ಬಲ್ಲ.

ನಾನೂ ಜಾಣತನ ಮಾಡಿದೆ. ಪಟ್ಟಿಯಲ್ಲಿ ಎರಡು ಬೇಚಿರಾಕ್ ಹಳ್ಳಿ ಇದ್ದವು. ಕಂದಾಯ ದಾಖಲೆಯಲ್ಲಿ ಹೆಸರಿದೆ, ಸರ್ವೆ ನಂಬರ್ ಇದೆ, ಒಂದು ಮನೆಯೂ ಇಲ್ಲ. ಅವೆರಡನ್ನೂ ನಮಗೇ ಇರಲಿ ಎಂದು ಕೇಳಿ ತಗೊಂಡೆ. ಲೆಕ್ಕಕ್ಕೆ 17 ಹಳ್ಳಿ, ಕೆಲಸಕ್ಕೆ 15. ಮ್ಯಾನೇಜರ್ ಬೆನ್ನು ತಟ್ಟಿದರು. ಮಾರನೇ ವರ್ಷ ಮೇಲಿನಿಂದ ಕಾಗದ ಬಂತು. ಈ ಎರಡು ಹಳ್ಳಿಗಳಲ್ಲಿ ಸಾಲ ವಿತರಣೆ ಶೂನ್ಯ, ಕಾರಣ ತಿಳಿಸಿ. ಜನ ಇಲ್ಲ ಎಂದು ಬರೆದೆವು. ಮುಂದಿನ ವರ್ಷ ಮತ್ತೆ ಅದೇ ಕಾಗದ!

ನಿಜವಾಗಿ ಎಡವಿದ್ದು ಇನ್ನೊಂದು ಊರಿನ ವಿಷಯದಲ್ಲಿ. ನಕಾಶೆಯಲ್ಲಿ ನಮ್ಮ ಬ್ರಾಂಚಿನಿಂದ 4 ಕಿ.ಮೀ. ಮಧ್ಯೆ ನೀಲಿ ಗೆರೆಯೊಂದಿತ್ತು, ನೋಡಿದ್ದೆ, ತಲೆ ಕೆಡಿಸಿಕೊಂಡಿರಲಿಲ್ಲ. ಹಂಚಿಕೆ ಮುಗಿದ ಮೇಲೆ ಹಳ್ಳಿ ಹಳ್ಳಿ ಸುತ್ತಿ ಸರ್ವೆ ಮಾಡಬೇಕಿತ್ತು. ಎಷ್ಟು ಮನೆ, ಎಷ್ಟು ನೀರಾವರಿಯ ತರಿ, ಎಷ್ಟು ಮಳೆ ನಂಬಿದ ಖುಷ್ಕಿ, ಯಾರಿಗೆ ಎಲ್ಲಿ ಸಾಲ ಇದೆ, ಎಲ್ಲ ಫಾರಂ ತುಂಬಬೇಕು. ಜುಲೈನಲ್ಲಿ ಬೈಕ್ ಹತ್ತಿ ಹೊರಟೆ. ಆ ನೀಲಿ ಗೆರೆ ದಡ ಮೀರಿ ಕೆಂಪಗೆ ಹರಿಯುತ್ತಿತ್ತು. ಕಂಬಳಿ ಕೊಪ್ಪೆ ಹಾಕಿಕೊಂಡು ದನ ಮೇಯಿಸುತ್ತಿದ್ದ ಮುದುಕರೊಬ್ಬರು ನನ್ನನ್ನೂ ಬೈಕನ್ನೂ ನೋಡಿ, "ದಾಟೋದಾದ್ರೆ ದೀಪಾವಳಿಗೆ ಬನ್ನಿ ಸ್ವಾಮಿ" ಎಂದರು. ಸುತ್ತಿಕೊಂಡು ಹೋದೆ, 22 ಕಿ.ಮೀ.

ಅಲ್ಲಿಗೆ ಹೋದಮೇಲೆ ಇನ್ನೊಂದು ಗೊತ್ತಾಯಿತು. ಆ ಊರಿನವರು ನಮ್ಮ ಊರಿಗೆ ಬರುವುದೇ ಇಲ್ಲ. ಮಂಗಳವಾರದ ಸಂತೆ ಆಚೆ ಹೋಬಳಿಯಲ್ಲಿ. ಬಸ್ಸೂ ಅಲ್ಲಿಗೇ, ಆಸ್ಪತ್ರೆಯೂ ಅಲ್ಲೇ, ಇನ್ನೊಂದು ಬ್ಯಾಂಕಿನ ಬ್ರಾಂಚೂ ಅಲ್ಲೇ. ನಾನು ಗೆರೆ ಎಳೆದು ಅವರನ್ನು ಹಳ್ಳದ ಈಚೆಗೆ ತಂದಿದ್ದೆ. ಸಾಲ ಬೇಕೆಂದರೆ ನಮ್ಮಲ್ಲೇ ತೆಗೆಯಬೇಕು. ಬೇರೆ ಬ್ರಾಂಚಿನವರು "ನೀವು ನಮ್ಮ ಏರಿಯಾ ಅಲ್ಲ" ಎಂದು ವಾಪಸ್ ಕಳಿಸುತ್ತಿದ್ದರು. ಈ ಪದ್ಧತಿಯಲ್ಲಿ ನನಗೆ ಒಗ್ಗದೇ ಹೋದದ್ದು ಇದೇ. ದೂರದ ಹಳ್ಳಿಗೂ ಒಂದು ಬ್ಯಾಂಕ್ ಗಟ್ಟಿಯಾಯಿತು, ಅದು ಒಳ್ಳೆಯದೇ. ಆದರೆ ಸಿಕ್ಕಿದ ಮ್ಯಾನೇಜರ್ ಮುಖ ಸಿಂಡರಿಸುವವನಾದರೆ ರೈತ ಇನ್ನೆಲ್ಲಿಗೆ ಹೋಗಬೇಕು?

ಅವತ್ತಿನಿಂದ ಸರ್ವೆಗೆ ಹೋದಲ್ಲೆಲ್ಲ ಫಾರಂನಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳುತ್ತಿದ್ದೆ, ಅದೂ ಹೆಂಗಸರನ್ನು. "ಹಿಟ್ಟು ಮಾಡಿಸೋಕೆ ಎಲ್ಲಿಗೆ ಹೋಗ್ತೀರಮ್ಮ?" ದೂರ ಎಷ್ಟು ಎಂದರೆ ಜನ ಅಂದಾಜಿನ ಮೇಲೆ ಹೇಳುತ್ತಾರೆ. ಗಿರಣಿ ವಿಷಯದಲ್ಲಿ ಅಂದಾಜು ನಡೆಯುವುದಿಲ್ಲ. ತಲೆ ಮೇಲೆ ಡಬ್ಬಿ ಹೊತ್ತು ಮಳೆಯಲ್ಲೂ ಹೋಗಬಹುದಾದ ದಾರಿಯೇ ನಿಜವಾದ ದಾರಿ. ನಮ್ಮ 15 ಹಳ್ಳಿಗಳಲ್ಲಿ ಮೂರರ ಗಿರಣಿ ಬೇರೆ ಬ್ರಾಂಚಿನ ಊರಿನಲ್ಲಿತ್ತು.

ಆ ಮೂರರಲ್ಲಿ ಎರಡರ ಹಂಚಿಕೆ ಬದಲಾಗಲೇ ಇಲ್ಲ. ಮೂರನೆಯದಾದ ಹಳ್ಳದಾಚೆಯ ಊರನ್ನು ಬಿಟ್ಟುಕೊಡಲು ಎರಡು ವರ್ಷ ಹಿಡಿಯಿತು. ತಾಲೂಕು ಮಟ್ಟದ ಬ್ಯಾಂಕರುಗಳ ಸಭೆಯಲ್ಲಿ ಪ್ರತಿ ಸಲ ಎತ್ತುತ್ತಿದ್ದೆ. ಆಚೆ ಬ್ರಾಂಚಿನ ಮ್ಯಾನೇಜರ್ ಸುಮ್ನೆ ಒಪ್ಪುವವರಲ್ಲ. ಕೊನೆಗೆ, "ಬದಲಿಗೆ ನನ್ನದೊಂದು ಹಳ್ಳಿ ನೀವು ತಗೊಳ್ಳಿ" ಎಂದರು. ಯಾವುದು ಕೊಟ್ಟಿರುತ್ತಾರೆ ಹೇಳಿ? 1990ರ ಸಾಲಮನ್ನಾ ಸುದ್ದಿ ಬಂದಾಗಿನಿಂದ ಒಂದು ಕಂತೂ ಕಟ್ಟದ ಊರು.

2004ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಈ ಕಟ್ಟುಪಾಡು ತೆಗೆಯಿತು. ಸರ್ಕಾರಿ ಯೋಜನೆಗಳ ಸಾಲಕ್ಕೆ ಮಾತ್ರ ಏರಿಯಾ ಉಳಿಯಿತು, ಉಳಿದದ್ದಕ್ಕೆ ಬೇಕಾದ ಬ್ಯಾಂಕಿಗೆ ಹೋಗಬಹುದು. ಅಷ್ಟು ಹೊತ್ತಿಗೆ ನಾನು ಅಲ್ಲಿಂದ ಮೂರು ವರ್ಗಾವಣೆ ಆಚೆ ಇದ್ದೆ.

ಮೊನ್ನೆ ಒಂದು ಮದುವೆಗೆಂದು ಆ ಕಡೆ ಹೋಗಿದ್ದೆ. ಹಳ್ಳಕ್ಕೆ ಸೇತುವೆ ಆಗಿದೆ, ಕಾರಿನಲ್ಲಿ ಎಂಟು ನಿಮಿಷ. ಊಟಕ್ಕೆ ಕೂತಾಗ ಪಕ್ಕದವರನ್ನು ಬ್ಯಾಂಕ್ ಎಲ್ಲಿ ಎಂದು ಕೇಳಿದೆ. "ಅದೇ, ಮಂಗಳವಾರದ ಸಂತೆ ಊರಲ್ಲಿ" ಎಂದರು.